ನೂರಕ್ಕೆ ಹದಿನಾಲ್ಕು

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಕೋಬಾಲ್ಟ್ ಯಂತ್ರಕ್ಕೆ ಊರೂರಿನಲ್ಲಿ ಒಂದು ಒಳ್ಳೆಯ ಹೆಸರಿತ್ತು. ಅದು ಸುಡುವುದಿಲ್ಲ ಎಂದು. ಕ್ಯಾನ್ಸರ್ ಆದವರಿಗೆ ವಿಕಿರಣ ಕೊಡುವುದನ್ನು ಜನ ‘ಕರೆಂಟು ಕೊಡೋದು’ ಎನ್ನುತ್ತಿದ್ದರು. ಬೇರೆ ಕಡೆ ಕರೆಂಟು ಕೊಡಿಸಿಕೊಂಡವರ ಚರ್ಮ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿ ಸುಲಿಯುತ್ತಿತ್ತು. ಗಂಟಲಿಗೆ ಕೊಡಿಸಿಕೊಂಡವರು ಎಂಜಲು ನುಂಗುವುದಕ್ಕೂ ಕಣ್ಣೀರು ಹಾಕುತ್ತಿದ್ದರು. ಇಲ್ಲಿ ಹಾಗಾಗುತ್ತಿರಲಿಲ್ಲ. ಹತ್ತಿರದ ಎರಡು ಆಸ್ಪತ್ರೆ ಬಿಟ್ಟು, ಮೂರು ಬಸ್ಸು ಬದಲಿಸಿ ಜನ ಇಲ್ಲಿಗೆ ಬರುತ್ತಿದ್ದರು. ಬಂದವರು, “ಇಲ್ಲಿ ಒಬ್ಬ ಅಕ್ಕ ಇದಾರಂತಲ್ಲ, ಅವರ ಕೈಯಲ್ಲೇ ಹಾಕಿಸಿ” ಎನ್ನುತ್ತಿದ್ದರು.

ಆ ಅಕ್ಕ ಯಂತ್ರ ನಡೆಸುವ ಟೆಕ್ನಿಶಿಯನ್. ಹತ್ತೊಂಬತ್ತು ವರ್ಷದ ಸರ್ವಿಸು. ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಚರ್ಮದ ಮೇಲಿನ ಶಾಯಿ ಗೆರೆಗೆ ಬೆಳಕಿನ ಚೌಕ ಕೂಡಿಸಿ, ಹೊರಗೆ ಬಂದು ದಪ್ಪ ಬಾಗಿಲು ಮುಚ್ಚಿ, ಗಾಜಿನ ಆಚೆಯಿಂದ ಮೈಕಿನಲ್ಲಿ ಹೇಳುತ್ತಿದ್ದಳು: “ಅಲ್ಲಾಡಬೇಡಿ, ಇನ್ನು ನಲವತ್ತು ಸೆಕೆಂಡು... ಇನ್ನು ಹತ್ತೇ... ಮುಗೀತು.” ಒಳಗೆ ಒಂಟಿಯಾಗಿ ಮಲಗಿದವರಿಗೆ ಆ ಎಣಿಕೆಯೇ ಹಿಡಿದುಕೊಳ್ಳುವ ಕೈ. ಹಾಗಾಗಿ ಅವಳಿಗೆ ಗಡಿಯಾರದಕ್ಕ ಎಂಬ ಹೆಸರು ಬಿದ್ದಿತ್ತು. ಮದುವೆಯಾಗಿರಲಿಲ್ಲ. ತನಗಿಂತ ಆರು ವರ್ಷ ದೊಡ್ಡವಳಾದ ಅಕ್ಕನ ಮನೆಯ ಪಕ್ಕದ ಬೀದಿಯಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಳು. ಊಟ ಹೆಚ್ಚಾಗಿ ಅಕ್ಕನ ಮನೆಯಲ್ಲೇ.

ಅವಳಿಗೆ ಈ ವಿದ್ಯೆ ಕಲಿಸಿದವರು ಆಸ್ಪತ್ರೆಯ ಭೌತವಿಜ್ಞಾನಿ. ಯಂತ್ರದಿಂದ ಎಷ್ಟು ವಿಕಿರಣ ಬರುತ್ತಿದೆ ಎಂದು ಅಳೆದು, ಯಾರಿಗೆ ಎಷ್ಟು ಸೆಕೆಂಡು ಎಂದು ಲೆಕ್ಕ ಹಾಕಿಕೊಡುವುದು ಅವರ ಕೆಲಸ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ಏಕೆಂದರೆ ಯಾರು ಸಿಕ್ಕಿದರೂ ಪಾಠ ಶುರುಮಾಡುತ್ತಿದ್ದರು. ಯಂತ್ರ ನಡೆಸುವ ಕೋಣೆಯ ಗೋಡೆಗೆ ಆವರ್ತ ಕೋಷ್ಟಕದ ಒಂದು ಹಳೆಯ ಪಟ ತೂಗುಹಾಕಿದ್ದರು. ಕಡ್ಡಿ ಹಿಡಿದು ಅದನ್ನು ಬೀದಿ ತೋರಿಸುವವರ ಹಾಗೆ ತೋರಿಸುತ್ತಿದ್ದರು.

“ನೋಡಮ್ಮ, ಇದು ಇಪ್ಪತ್ತೇಳನೇ ಮನೆ, ಕೋಬಾಲ್ಟು. ಈ ಮನೇಲಿ ಅಣ್ಣತಮ್ಮಂದಿರು ಬಹಳ. ಮನೆ ನಂಬರು ಒಂದೇ, ಹೆಸರು ಒಂದೇ, ಗುಣಾನೂ ಒಂದೇ. ತೂಕದಲ್ಲಿ ಮಾತ್ರ ಹೆಚ್ಚುಕಮ್ಮಿ. ಒಂದೇ ಸ್ಥಾನದಲ್ಲಿ ಇರೋರು, ಅದಕ್ಕೇ ಸಮಸ್ಥಾನಿಗಳು ಅನ್ನೋದು. ಐಸೋಟೋಪು ಅಂತಾರಲ್ಲ, ಅದೇ. ಐವತ್ತೊಂಬತ್ತು ತೂಕದವನು ಒಳ್ಳೇ ಸಂಸಾರಸ್ಥ. ಪಿಂಗಾಣಿಯ ನೀಲಿ ಬಣ್ಣದಲ್ಲಿ ತೆಪ್ಪಗೆ ಕೂತಿರ್ತಾನೆ. ರಿಯಾಕ್ಟರಿನಲ್ಲಿಟ್ಟು ಅವನಿಗೆ ಒಂದು ನ್ಯೂಟ್ರಾನ್ ತಿನ್ನಿಸಿದ್ರೆ ಅರವತ್ತು ಆಗ್ತಾನೆ. ಅಷ್ಟೇ, ಅಜೀರ್ಣ. ಅದನ್ನ ಕಾರಿಕೊಳ್ಳೋವರೆಗೆ ಸಮಾಧಾನ ಇಲ್ಲ. ಕಾರಿಕೊಂಡು ಪಕ್ಕದ ಇಪ್ಪತ್ತೆಂಟನೇ ಮನೆಗೆ ಹೋಗಿ, ನಿಕ್ಕಲ್ ಆಗಿ ತಣ್ಣಗೆ ಮಲಗ್ತಾನೆ. ಆ ಕಾರಿಕೊಳ್ಳೋದೇ ನಮ್ಮ ಔಷಧ.”

“ಕೆಳಗಿನ ಸಾಲಿನೋರು ಸರ್?” ಎಂದು ಅವಳು ಕೇಳಿದರೆ, “ಎಂಬತ್ತೆರಡು ಅಂದ್ರೆ ಸೀಸ, ಮರ್ಯಾದಸ್ಥರ ಕೊನೇ ಮನೆ. ಅದು ದಾಟಿದ್ರೆ ಇಡೀ ಬೀದಿಯೇ ಪುಂಡರದ್ದು. ರೇಡಿಯಂ, ಥೋರಿಯಂ, ಯುರೇನಿಯಂ, ಒಬ್ಬನಿಗೂ ನೆಟ್ಟಗೆ ಕೂರಕ್ಕೆ ಬರಲ್ಲ” ಎಂದು ನಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರು ನಗುತ್ತಿರಲಿಲ್ಲ. ಯಂತ್ರದ ಸೀಸದ ತಲೆಯೊಳಗೆ, ಹೆಬ್ಬೆರಳಿನ ಗಾತ್ರದ ಉಕ್ಕಿನ ಡಬ್ಬಿಯಲ್ಲಿದ್ದ ಆ ಕೋಬಾಲ್ಟು, ಗುಂಡಿ ಒತ್ತಿದರೂ ಒತ್ತದಿದ್ದರೂ, ಹಗಲಿರುಳು ಸವೆಯುತ್ತಲೇ ಇರುತ್ತದೆ. ಐದು ವರ್ಷ ಮೂರು ತಿಂಗಳಿಗೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ತಿಂಗಳ ಲೆಕ್ಕದಲ್ಲಿ ಹೇಳಿದರೆ ನೂರಕ್ಕೆ ಒಂದು ಪಾಲು. ಹಾಗಾಗಿ ಪ್ರತಿ ತಿಂಗಳ ಮೊದಲ ಸೋಮವಾರ ಅವರು ಹೊಸ ಚಾರ್ಟು ಬರೆದು, ಸಹಿ ಹಾಕಿ, ಟೈಮರಿನ ಪಕ್ಕ ಅಂಟಿಸುತ್ತಿದ್ದರು. ಹಿಂದಿನ ತಿಂಗಳು ಒಂದು ನಿಮಿಷ ನಲವತ್ತೊಂದು ಸೆಕೆಂಡು ಇದ್ದದ್ದು ಈ ತಿಂಗಳು ನಲವತ್ತೆರಡು. “ಈ ಹಾಳೆಗೆ ನನ್ನ ಪೆನ್ನು ಬಿಟ್ಟು ಇನ್ನೊಬ್ಬರ ಪೆನ್ನು ಸೋಕಬಾರದು. ನೀನು ಎಷ್ಟೇ ಜಾಣೆ ಆಗಿರು. ಅಡುಗೆಗೆ ಇಬ್ಬರು ಉಪ್ಪು ಹಾಕಿದ್ರೆ ಏನಾಗುತ್ತೆ ಗೊತ್ತಲ್ಲ?” ಎನ್ನುತ್ತಿದ್ದರು.

ಮೇಷ್ಟ್ರು ನಿವೃತ್ತರಾದರು. ಆರು ತಿಂಗಳು ತುಂಬುವ ಮೊದಲೇ ಹೃದಯಾಘಾತದಿಂದ ತೀರಿಯೂ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೊನೆಯ ಚಾರ್ಟು ಗೋಡೆಯ ಮೇಲೆ ಹಾಗೇ ಉಳಿಯಿತು.

ಮೇಷ್ಟ್ರು ನಿವೃತ್ತರಾದ ಮೂರನೆಯ ತಿಂಗಳು ಗಡಿಯಾರದಕ್ಕ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದಳು. ಅವರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಡಾಕ್ಟರು ನಿಂತುಕೊಂಡೇ ಬ್ರೆಡ್ಡು ತಿನ್ನುತ್ತಿದ್ದರು.

“ಸರ್, ಚಾರ್ಟು ಮೂರು ತಿಂಗಳಿಂದ ಅದೇ ಇದೆ. ತಿಂಗಳಿಗೆ ಒಂದು ಪರ್ಸೆಂಟು ಅಂತ ಮೇಷ್ಟ್ರು...”

“ಗೊತ್ತಮ್ಮ, ಗೊತ್ತು. ಮುಂದಿನ ತಿಂಗಳು ಹೊಸಬರು ಬರ್ತಾರೆ, ಆರ್ಡರ್ ಆಗಿದೆ. ಬಂದ ತಕ್ಷಣ ಬದಲಾಯಿಸ್ತಾರೆ. ಎರಡು ಮೂರು ಪರ್ಸೆಂಟಿಗೆ ಆಕಾಶ ಕಳಚಿ ಬೀಳಲ್ಲ. ನೀನು ಕೈ ಹಾಕಬೇಡ ಅಷ್ಟೇ.”

ಅವಳು ಹೊರಗೆ ಬಂದಳು. ನಿಜ ಹೇಳಬೇಕೆಂದರೆ ಅವಳಿಗೆ ಹಾಯೆನಿಸಿತು. ಕೇಳಬೇಕಾದ್ದನ್ನು ಕೇಳಿಯಾಗಿತ್ತು, ಇನ್ನು ಅದು ಅವರ ತಲೆನೋವು. ಹೊಸಬರು ಮುಂದಿನ ತಿಂಗಳೂ ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಎರಡನೆಯ ಸಲ ಅವಳು ಕೇಳಲಿಲ್ಲ. ಅಷ್ಟರಲ್ಲಿ ಯಂತ್ರಕ್ಕೆ ಆ ಹೆಸರು ಬರತೊಡಗಿತ್ತು. ಹೊಗಳಿಕೆ ಯಾರಿಗೆ ಬೇಡ? ಬೆಳಿಗ್ಗೆ ಬಾಗಿಲು ತೆಗೆಯುವಾಗ ಸಾಲಿನಲ್ಲಿ ಕೂತವರು ಎದ್ದು ನಿಂತು ಕೈ ಮುಗಿಯುವುದನ್ನು ನೋಡಿ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಹದಿನಾಲ್ಕನೆಯ ತಿಂಗಳು ಅವಳ ಅಕ್ಕನಿಗೇ ಕಾಯಿಲೆ ಬಂತು.

ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೂಗಿ ಹೇಳುವವಳು. ಇಪ್ಪತ್ತೆರಡು ವರ್ಷ ಅದೇ ಕುರ್ಚಿ. ದನಿ ಒಡೆಯತೊಡಗಿದಾಗ ಧೂಳು ಎಂದುಕೊಂಡರು, ಶೀತ ಎಂದುಕೊಂಡರು. ಕೊನೆಗೆ ದೊಡ್ಡ ಡಾಕ್ಟರು ನಳಿಕೆ ಹಾಕಿ ನೋಡಿದರು. ದನಿಪೆಟ್ಟಿಗೆಯ ಮೇಲೆ ಕಡಲೆಕಾಳಿನಷ್ಟು ಗಂಟು. “ಹೆದರಬೇಡಿ. ನೂರರಲ್ಲಿ ತೊಂಬತ್ತು ಜನ ಗೆಲ್ಲೋ ಕಾಯಿಲೆ ಇದು. ಕತ್ತಿ ಬೇಡ, ಮೂವತ್ತಮೂರು ದಿನ ಕರೆಂಟು ಸಾಕು. ಮನೇಲೇ ನಿಪುಣೆ ಇದಾಳಲ್ಲ” ಎಂದರು.

ಮೂವತ್ತಮೂರು ದಿನವೂ ಗಡಿಯಾರದಕ್ಕನೇ ಹಾಕಿದಳು. ರಜೆಯ ದಿನ ಬೇರೆಯವರು ಹಾಕುತ್ತಾರೆಂದು ರಜೆಯನ್ನೇ ತೆಗೆದುಕೊಳ್ಳಲಿಲ್ಲ. ಬೇರೆ ಕಡೆಯಾಗಿದ್ದರೆ ಇಪ್ಪತ್ತನೆಯ ದಿನಕ್ಕೆ ಕತ್ತು ಸುಲಿಯಬೇಕಿತ್ತು. ಅಕ್ಕನದು ಬಿಸಿಲಿಗೆ ಹೋಗಿ ಬಂದಷ್ಟೇ ಕೆಂಪು. ಅಕ್ಕ ಅನ್ನ ನುಂಗುತ್ತಿದ್ದಳು, ಮಾತಾಡುತ್ತಿದ್ದಳು. ಗಡಿಯಾರದಕ್ಕ ಅವಳನ್ನು ಕಾಯುವ ಸಾಲಿಗೆ ಕರೆದುಕೊಂಡು ಹೋಗಿ, ಸೆರಗು ಸರಿಸಿ, “ನೋಡಿ, ಇಪ್ಪತ್ತು ದಿನ ಆಗಿದೆ. ಏನಾಗಿದೆ ಇವರಿಗೆ? ಸುಮ್ಮನೆ ಹೆದರ್ತೀರ” ಎಂದು ಹೊಸ ರೋಗಿಗಳಿಗೆ ತೋರಿಸಿದಳು. ಆ ಹೊತ್ತಿಗೆ ಎಲ್ಲೋ ಒಂದು ಕಡೆ ಚಾರ್ಟಿನ ಹಳೇ ತಾರೀಖು ಅವಳ ಮನಸ್ಸಿಗೆ ಬಂದದ್ದು ನಿಜ. ಇಷ್ಟು ಚೆನ್ನಾಗಿ ಆಗುತ್ತಿರುವಾಗ ಕೆದಕುವುದೇಕೆ ಎಂದು ಬಿಟ್ಟುಬಿಟ್ಟಳು.

ಅಕ್ಕ ಮತ್ತೆ ಮೈಕಿನ ಮುಂದೆ ಕೂತಳು. ನಾಲ್ಕು ತಿಂಗಳು ಕೂತಳು ಅಷ್ಟೇ. ದನಿ ಮತ್ತೆ ಒಡೆಯಿತು. ಈ ಸಲ ದನಿಪೆಟ್ಟಿಗೆಯನ್ನೇ ತೆಗೆದುಹಾಕಿ ಕತ್ತಿನಲ್ಲಿ ಉಸಿರಿಗೆ ಒಂದು ತೂತು ಮಾಡಿದರು. ಆಮೇಲೆ ಕತ್ತಿನ ಗಂಟುಗಳಿಗೆ ಹರಡಿತು, ಅಲ್ಲಿಂದ ಶ್ವಾಸಕೋಶಕ್ಕೆ. ಕೊನೆಯ ತಿಂಗಳುಗಳಲ್ಲಿ ಅವಳು ಬೇಕಾದ್ದನ್ನು ನೋಟುಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದಳು. ಒಂದು ದಿನ ತಂಗಿಯ ಕೈಗೆ ಕೊಟ್ಟದ್ದು: “ನೀನು ಬೇಜಾರು ಮಾಡ್ಕೋಬೇಡ. ನಿನ್ನ ಕೈಲಾದ್ದು ಪೂರ್ತಿ ಮಾಡಿದೀಯ.” ಅದಾಗಿ ಹನ್ನೆರಡನೆಯ ದಿನ ಹೋದಳು. ಭಾವ ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಮಾತು ಕಡಿಮೆ. ಬಂದವರೆಲ್ಲರ ಮುಂದೆ ಅವನು ಹೇಳಿದ್ದು ಒಂದೇ: “ನಾದಿನಿ ಇರೋ ಹೊತ್ತಿಗೆ ಇಷ್ಟು ದಿನ ಸಿಕ್ಕಿದ್ಲು.”

ಇದಾಗಿ ಆರು ವಾರಕ್ಕೆ, ಮೇಷ್ಟ್ರು ನಿವೃತ್ತರಾದ ಇಪ್ಪತ್ತಾರನೆಯ ತಿಂಗಳು, ಹೊಸ ಭೌತವಿಜ್ಞಾನಿ ಬಂದಳು. ಮೂವತ್ತು ದಾಟಿರದ ಹೆಣ್ಣುಮಗಳು. ಮೊದಲ ದಿನ ಟೀ ಕೂಡ ಕುಡಿಯದೆ, ನೀರು ತುಂಬಿದ ಗಾಜಿನ ತೊಟ್ಟಿಯನ್ನು ಯಂತ್ರದ ಕೆಳಗಿಟ್ಟು, ಅದರೊಳಗೆ ಅಳತೆಯ ಕಡ್ಡಿ ಇಳಿಸಿ, ಗಾಜಿನ ಈಚೆ ಕೂತು ಮೀಟರು ನೋಡಿದಳು. ನೋಡಿ, ಸೊನ್ನೆಗೆ ತಂದು ಮತ್ತೆ ನೋಡಿದಳು. ತಂತಿ ಬದಲಿಸಿ ಮೂರನೆಯ ಸಲ ನೋಡಿದಳು.

“ಅಕ್ಕ, ಈ ಚಾರ್ಟು ಯಾವಾಗಿಂದು?”

“ಮೇಷ್ಟ್ರದ್ದು.”

“ಅದಲ್ಲ. ಇದಾದ ಮೇಲೆ ಬೇರೆ ಯಾವುದೂ ಇಲ್ವಾ? ಇದನ್ನೇ ಹಾಕ್ತಾ ಇದೀರಾ? ಇವತ್ತಿನವರೆಗೂ?”

ಗಡಿಯಾರದಕ್ಕ ಹೂಂ ಎಂದಳು. ಆ ಹುಡುಗಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ನೂರು ಹೋಗಬೇಕಾದ ಕಡೆ ಎಪ್ಪತ್ತೈದು ಹೋಗ್ತಾ ಇದೆ ಅಕ್ಕ. ಕಾಲು ಭಾಗ ಇಲ್ಲ.”

ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಗಡಿಯಾರದಕ್ಕ ಪೆನ್ಸಿಲನ್ನು ಹುಡುಗಿಯ ಕಡೆ ತಳ್ಳಿದಳು.

“ಹದಿನಾಲ್ಕನೇ ತಿಂಗಳಲ್ಲಿ ಆದ್ರೆ ಎಷ್ಟು ಕಡಿಮೆ, ಸ್ವಲ್ಪ ನೋಡಿ ಹೇಳಿ.”

“ನೂರಕ್ಕೆ ಹದಿನಾಲ್ಕು. ಯಾಕೆ? ಯಾರು?”

“ನಮ್ಮಕ್ಕ. ಗಂಟಲು. ಹೋದ ತಿಂಗಳು ತೀರಿಕೊಂಡ್ಲು.” ಆಮೇಲೆ ಕೇಳಿದಳು: “ಹದಿನಾಲ್ಕಕ್ಕೆ ಹೋಗ್ತಾರಾ ಮನುಷ್ಯರು?”

ಹುಡುಗಿ ತೊಟ್ಟಿಯಿಂದ ಅಳತೆಯ ಕಡ್ಡಿ ಹೊರಗೆ ತೆಗೆದಳು. “ಹೇಳಕ್ಕಾಗಲ್ಲ ಅಕ್ಕ. ನೂರಕ್ಕೆ ನೂರು ಕೊಟ್ರೂ ಹತ್ತು ಜನಕ್ಕೆ ಮರುಕಳಿಸುತ್ತೆ. ನಿಮ್ಮಕ್ಕ ಆ ಹತ್ತರಲ್ಲಿ ಇದ್ರೋ ಅಥವಾ ಇದರಿಂದ ಹೋದ್ರೋ, ಅದನ್ನ ಅಳೆಯೋ ಮೀಟರು ಇಲ್ಲ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೌದು ಎಂದಿದ್ದರೆ ಎದೆ ಬಡಿದುಕೊಳ್ಳಬಹುದಿತ್ತು, ಅಲ್ಲ ಎಂದಿದ್ದರೆ ಮಲಗಬಹುದಿತ್ತು. ಗಡಿಯಾರದಕ್ಕನಿಗೆ ಎರಡೂ ಸಿಗಲಿಲ್ಲ.

ಮರುದಿನ ಹೊಸ ಚಾರ್ಟು ಬಂತು. ಒಂದು ನಿಮಿಷ ನಲವತ್ತೆರಡು ಸೆಕೆಂಡು ಇದ್ದದ್ದು ಎರಡು ನಿಮಿಷ ಹದಿನಾರು ಸೆಕೆಂಡು ಆಯಿತು. ಮೂರು ವಾರಕ್ಕೆ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಚರ್ಮ ಕಪ್ಪಾಗುತ್ತಿದೆ, ಗಂಟಲು ಉರಿಯುತ್ತಿದೆ. ಒಬ್ಬ ಮುದುಕ ಹೊಸ ಹುಡುಗಿಗೆ ಕೇಳಿಸುವ ಹಾಗೇ ಹೇಳಿದ: “ಈ ಕನ್ನಡಕದಮ್ಮ ಬಂದ ಮೇಲೆ ಕೆಟ್ಟುಹೋಯ್ತು. ಮೊದಲು ಅಕ್ಕ ಒಬ್ಬರೇ ಇದ್ದಾಗ ದೇವರ ಹಾಗೆ ಇತ್ತು.” ಗಡಿಯಾರದಕ್ಕ ಅಂದು ಮೈಕಿನಲ್ಲಿ ಎಣಿಸಲಿಲ್ಲ. ಗಂಟಲು ಕಟ್ಟಿದೆ ಎಂದು ಹೇಳಿಸಿದಳು.

ಸಭೆ ನಡೆದದ್ದು ಆಡಳಿತಾಧಿಕಾರಿಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಇಪ್ಪತ್ತಾರು ತಿಂಗಳಲ್ಲಿ ಆರುನೂರ ಹನ್ನೊಂದು ರೋಗಿಗಳು. ಹೊಸ ಹುಡುಗಿ ಪಟ್ಟಿ ಮುಂದಿಟ್ಟಳು.

“ಬದುಕಿರೋರನ್ನ ಕರೆಸಬೇಕು ಸರ್. ಮುಖ್ಯವಾಗಿ ಗಂಟಲಿನವರನ್ನ. ಮರುಕಳಿಸಿದ್ರೆ ಬೇಗ ಗೊತ್ತಾದ್ರೆ ಉಳಿಸಬಹುದು.”

ದೊಡ್ಡ ಡಾಕ್ಟರು ಪಟ್ಟಿ ಎತ್ತಿಕೊಂಡು ಕೊನೆಯ ಹೆಸರಿನವರೆಗೂ ಓದಿದರು. ಮೂವತ್ತು ವರ್ಷ ಸಾವಿರಾರು ಜನರನ್ನು ನೋಡಿದ ಮನುಷ್ಯ, ಕೆಟ್ಟವರೇನಲ್ಲ. “ಕರೆಸಿ ಏನಂತ ಹೇಳ್ತೀಯ? ನಿಮಗೆ ಕಾಲು ಭಾಗ ಕಡಿಮೆ ಹಾಕಿದ್ವಿ, ತಪ್ಪಾಯ್ತು ಅಂತಲಾ? ನಾಳೆ ಯಾರು ಬರ್ತಾರೆ ಈ ಆಸ್ಪತ್ರೆಗೆ? ಬರದೆ ಇದ್ದವರು ಮನೇಲಿ ಸಾಯ್ತಾರೆ, ಅದಕ್ಕೆ ಯಾರು ಹೊಣೆ? ಸತ್ತವರು ಕ್ಯಾನ್ಸರಿನಿಂದ ಸತ್ತರು. ಬದುಕಿರೋರು ಬದುಕಿದಾರೆ.”

“ನಾನು ನಿಮ್ಮನ್ನ ಕೇಳಿದ್ದೆ ಸರ್” ಎಂದಳು ಗಡಿಯಾರದಕ್ಕ.

“ಯಾವಾಗ?”

“ಮೇಷ್ಟ್ರು ರಿಟೈರಾದ ಮೂರನೇ ತಿಂಗಳು. ನಿಮ್ಮ ರೂಮಲ್ಲಿ. ನೀವು ಬ್ರೆಡ್ಡು ತಿಂತಾ ಇದ್ರಿ.”

ದೊಡ್ಡ ಡಾಕ್ಟರು ಅವಳ ಮುಖ ನೋಡಿದರು. ನೆನಪಾಯಿತೆಂದು ಅವರ ಕಣ್ಣೇ ಹೇಳಿತು. ಬಾಯಿ ಮಾತ್ರ, “ಬರೆದು ಕೊಟ್ಟಿದ್ಯಾ?” ಎಂದು ಕೇಳಿತು.

ಆಡಳಿತಾಧಿಕಾರಿ ಮೊದಲೇ ಟೈಪು ಮಾಡಿಸಿದ್ದ ಹಾಳೆಯನ್ನು ಅವಳ ಮುಂದಿಟ್ಟರು. ‘ಚಾರ್ಟಿನ ದಿನಾಂಕವನ್ನು ಗಮನಿಸದೆ ಉಪಯೋಗಿಸಿರುತ್ತೇನೆ’ ಎಂದಿತ್ತು. ಪ್ರತಿ ದಿನದ ಚಿಕಿತ್ಸಾ ಹಾಳೆಯಲ್ಲೂ ಇದ್ದದ್ದು ಅವಳ ಸಹಿಯೇ ತಾನೆ. ಅವಳು ಎರಡು ಸಲ ಓದಿ, ಪೆನ್ನು ತೆಗೆದು ‘ಗಮನಿಸದೆ’ ಎಂಬುದನ್ನು ಹೊಡೆದುಹಾಕಿ ‘ಗಮನಿಸಿಯೂ’ ಎಂದು ಬರೆದಳು.

“ಏನಮ್ಮ ಇದು? ಹೀಗೆ ಬರೆದ್ರೆ ನಿನಗೇ ಕೆಟ್ಟದು” ಎಂದರು ಆಡಳಿತಾಧಿಕಾರಿ.

“ನಿಜ ಅದೇ ಸರ್. ಗಮನಿಸಿದ್ದೆ. ಕೇಳಿದ್ದೆ. ಒಂದೇ ಸಲ ಕೇಳಿದ್ದೆ. ಆ ಮೂರನ್ನೂ ಬರೆಯೋದಾದ್ರೆ ಸಹಿ ಹಾಕ್ತೀನಿ.”

ಆ ಹಾಳೆಗೆ ಸಹಿ ಬೀಳಲಿಲ್ಲ. ಎರಡು ದಿನದಲ್ಲಿ ಅವಳನ್ನು ಯಂತ್ರದಿಂದ ತೆಗೆದು ಹಳೆಯ ಕಡತಗಳ ಕೋಣೆಗೆ ಹಾಕಿದರು. ಹೊಸ ಹುಡುಗಿ ಆರೋಗ್ಯ ಇಲಾಖೆಯ ಮೇಲಿನ ಕಚೇರಿಗೆ ಬರೆದಳು. ನಾಲ್ಕು ತಿಂಗಳಿಗೆ ಉತ್ತರ ಬಂತು, ಸಂಸ್ಥೆಯ ಸಮಿತಿಯೇ ಪರಿಶೀಲಿಸಿರುವುದರಿಂದ ಮುಂದಿನ ಕ್ರಮ ಅಗತ್ಯವಿಲ್ಲ ಎಂದು.

ಉತ್ತರಕ್ಕೆ ಕಾಯದೆಯೇ ಗಡಿಯಾರದಕ್ಕ ಒಂದು ಭಾನುವಾರ ಬೆಳಿಗ್ಗೆ ಭಾವನ ಮನೆಗೆ ಹೋದಳು. ಭಾವ ಬಾಗಿಲಲ್ಲಿ ಕೂತು ಒಂದು ಹೊಲಿಗೆ ಯಂತ್ರದ ಹೊಟ್ಟೆ ಬಿಚ್ಚಿದ್ದ. ಅಕ್ಕನ ಮಗಳು ಒಳಗೆ ಬಟ್ಟೆ ಮಡಚುತ್ತಿದ್ದಳು. ಗಡಿಯಾರದಕ್ಕ ನಿಂತೇ ಎಲ್ಲವನ್ನೂ ಹೇಳಿದಳು. ಕೋಬಾಲ್ಟು, ತಿಂಗಳಿಗೆ ಒಂದು, ಹದಿನಾಲ್ಕು. ತಾನು ಕೇಳಿದ್ದು, ಮತ್ತೆ ಕೇಳದೆ ಇದ್ದದ್ದು. ಕಾರಣ ಅದೇ ಎಂದು ಖಚಿತವಾಗಿ ಹೇಳಲಾಗದು ಎಂದೂ ಹೇಳಿದಳು.

ಭಾವ ಎಣ್ಣೆ ಕೈಯನ್ನು ಚಿಂದಿಯಲ್ಲಿ ಒರೆಸಿದ. ಒಂದೊಂದೇ ಬೆರಳು ಒರೆಸಿದ.

“ಇದನ್ನ ಯಾರಾದ್ರೂ ನಿನಗೆ ಹೇಳು ಅಂದ್ರಾ?”

“ಇಲ್ಲ ಭಾವ. ನಿಮಗೆ ಗೊತ್ತಿರಬೇಕು ಅಂತ.”

“ಗೊತ್ತಾಗಿ ಏನು ಮಾಡ್ಲಿ ನಾನು?” ಅವನ ದನಿ ಏರಲಿಲ್ಲ. “ಕಾಯಿಲೆ ಬಂತು, ಹೋದ್ಲು ಅಂತ ಹೇಗೋ ಮಲಗ್ತಾ ಇದ್ದೆ. ನಿನ್ನ ಎದೆ ಭಾರ ಇಳಿಸ್ಕೊಂಡೆ. ಎಲ್ಲಿ ಇಳಿಸ್ದೆ? ತಂದು ನನ್ನ ಹೊಸ್ತಿಲ ಮೇಲೆ ಇಳಿಸ್ದೆ. ಇನ್ಮೇಲೆ ಇದನ್ನ ಹೊರೋನು ನಾನು.”

ಮಗಳು ಬಾಗಿಲಿಗೆ ಬಂದಿದ್ದಳು. “ಅಮ್ಮನ ಕತ್ತು ತೋರಿಸ್ಕೊಂಡು ಬಂದೆ ನೀನು ಚಿಕ್ಕಮ್ಮ, ಎಲ್ಲರಿಗೂ. ನಾನೂ ಇದ್ದೆ ಅವತ್ತು” ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಮತ್ತೆಂದೂ ಅವಳು ಚಿಕ್ಕಮ್ಮನ ಜೊತೆ ಮಾತಾಡಲಿಲ್ಲ. ಅಂದಿನಿಂದ ಗಡಿಯಾರದಕ್ಕ ತನ್ನ ಕೋಣೆಯಲ್ಲಿ ತಾನೇ ಬೇಯಿಸಿಕೊಳ್ಳತೊಡಗಿದಳು.

ಕಡತಗಳ ಕೋಣೆಗೆ ಹಾಕಿದವರಿಗೆ ಒಂದು ವಿಷಯ ಹೊಳೆದಿರಲಿಲ್ಲ. ಆರುನೂರ ಹನ್ನೊಂದು ಜನರ ವಿಳಾಸವೂ ಇದ್ದದ್ದು ಅಲ್ಲೇ. ಕುರಿಯನ್ನು ತಂದು ಹೊಲದಲ್ಲೇ ಕಟ್ಟಿದ ಹಾಗಾಯಿತು. ಅವಳು ಗಂಟಲಿನವರನ್ನಷ್ಟೇ ಆರಿಸಿದಳು. ಬದುಕಿರಬಹುದಾದವರು ಐವತ್ತೆಂಟು ಮಂದಿ. ‘ಇವರ ಗಂಟಲನ್ನು ನಳಿಕೆ ಹಾಕಿ ಪರೀಕ್ಷಿಸಬೇಕು’ ಎಂದು ಹೊಸ ಹುಡುಗಿ ಯಾವ ಆಸ್ಪತ್ರೆಗಾದರೂ ತೋರಿಸುವಂಥ ಚೀಟಿಗಳನ್ನು ಬರೆದುಕೊಟ್ಟಳು. ಇನ್ನು ಮುಂದೆ ತನ್ನ ಹೆಸರು ಎಲ್ಲೂ ಬರಬಾರದು, ಮನೆಯಲ್ಲಿ ತಾನೊಬ್ಬಳೇ ದುಡಿಯುವವಳು ಎಂದೂ ಕೇಳಿಕೊಂಡಳು. ಭಾನುವಾರಕ್ಕೆ ಎರಡು ಮನೆ, ಮೂರು ಮನೆ. ಬಸ್ಸು, ಮೆಟ್ಟಿಲು, ಕರೆಗಂಟೆ.

ಕೆಲವರು ಬಾಗಿಲಲ್ಲೇ ಬೈದರು. ಕೆಲವರು, ನಾವು ಚೆನ್ನಾಗೇ ಇದೀವಿ, ಅಪಶಕುನ ನುಡಿಯಬೇಡಿ ಎಂದರು. ಒಬ್ಬಾಕೆ ಚೀಟಿಯನ್ನು ಅವಳ ಎದುರಿಗೇ ಹರಿದಳು. ಹದಿನೆಂಟನೆಯ ಮನೆ ಒಬ್ಬ ಕ್ಷೌರಿಕನದು. ಕೆಳಗೆ ಅಂಗಡಿ, ಮೇಲೆ ಮನೆ. ಅವಳನ್ನು ಕಂಡದ್ದೇ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಎದ್ದು ಬಂದ.

“ನೋಡ್ರಪ್ಪ, ನಮ್ಮ ಗಡಿಯಾರದಕ್ಕ! ನನ್ನ ಗಂಟಲು ಉಳಿಸಿದ ತಾಯಿ” ಎಂದು ಕೂತವರಿಗೆಲ್ಲ ಪರಿಚಯ ಮಾಡಿಸಿದ. ಗೊಡ್ಡು ಜೋಕು, ಸಿನಿಮಾ ಹಾಡು, ಪರರ ಸಂಸಾರದ ಸುದ್ದಿ, ಕತ್ತರಿಗಿಂತ ಬಾಯಿ ಚುರುಕು ಅವನದು. ಅವಳು ಅವನನ್ನು ಮೆಟ್ಟಿಲ ಬಳಿ ಕರೆದು ಹೇಳಿದಳು. ಅವನ ಕೈ ತಾನಾಗಿಯೇ ಗಂಟಲಿಗೆ ಹೋಯಿತು.

“ಯಾರು ಹಾಕಿದ್ದು ಕಡಿಮೆ?”

“ಗುಂಡಿ ಒತ್ತಿದ್ದು ನಾನೇ.”

ಅವನು ಹೋಗಿ ತೋರಿಸಿಕೊಂಡ. ಮರುಕಳಿಸಿತ್ತು, ಇನ್ನೂ ಸಣ್ಣದು, ಕಾಯುವ ಹಾಗಿರಲಿಲ್ಲ. ದನಿಪೆಟ್ಟಿಗೆ ತೆಗೆದರು. ಜೀವ ಉಳಿಯಿತು. ಒಂದೆರಡು ತಿಂಗಳು ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಎಂದು ಅಲ್ಲಿನ ವೈದ್ಯರು ಹೇಳಿದರಂತೆ. ಆಸ್ಪತ್ರೆಯಿಂದ ಮನೆಗೆ ಬಂದ ತಿಂಗಳಲ್ಲೇ ಅವನು ಮೇಲಿನ ಕಚೇರಿಗೆ ದೂರು ಕೊಟ್ಟ. ಬಾಯಿ ಇಲ್ಲದ ಕ್ಷೌರಿಕನ ಅಂಗಡಿಗೆ ಯಾರು ಬರುತ್ತಾರೆ? ದೂರಿನಲ್ಲಿ ಬರೆಯಲು ಅವನಿಗೆ ಗೊತ್ತಿದ್ದ ಹೆಸರು ಒಂದೇ. ಆ ಹೆಸರು ಹೇಳಿದವಳೂ ಅವಳೇ.

ಆಸ್ಪತ್ರೆಗೆ ಬೇಕಾದ್ದೂ ಅದೇ ಆಗಿತ್ತು. ಅವಳನ್ನು ಅಮಾನತು ಮಾಡಿ ವಿಚಾರಣೆಗೆ ಕಳಿಸಿದರು. ಮೇಲಿನ ಕಚೇರಿಯ ಮೂರನೆಯ ಮಹಡಿಯ ಒಂದು ಕೋಣೆ, ಉದ್ದನೆಯ ಮೇಜು, ಆ ಕಡೆ ವಿಚಾರಣಾಧಿಕಾರಿ, ಈ ಕಡೆ ಅವಳು, ಪಕ್ಕದಲ್ಲಿ ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಕ್ಷೌರಿಕ. ದೊಡ್ಡ ಡಾಕ್ಟರನ್ನು ಕರೆದಿರಲಿಲ್ಲ. ಹೊಸ ಹುಡುಗಿಗೆ ಅಂದು ಬೇರೆ ಊರಿನಲ್ಲಿ ತರಬೇತಿ ಬಿದ್ದಿತ್ತು.

ಅಧಿಕಾರಿ ದೂರನ್ನು ಗಟ್ಟಿಯಾಗಿ ಓದಿದರು. “ಇದಕ್ಕೆ ಏನು ಹೇಳ್ತೀರಿ?”

“ಅವರು ಬರೆದಿರೋದು ನಿಜ ಸರ್.”

“ಸಮಯ ಕಡಿಮೆ ಇಟ್ಟಿದ್ದು ನೀವೇ?”

“ಹೌದು. ಚಾರ್ಟಿನಲ್ಲಿದ್ದಷ್ಟು ಇಟ್ಟೆ. ಚಾರ್ಟು ಹಳೇದು ಅಂತ ಗೊತ್ತಿತ್ತು. ಡಾಕ್ಟರಿಗೆ ಹೇಳಿದ್ದೆ.”

“ದಾಖಲೆ ಇದೆಯಾ?”

“ಇಲ್ಲ.”

ಅಧಿಕಾರಿ ಮೊದಲ ಎರಡು ಮಾತು ಬರೆದುಕೊಂಡರು. ಡಾಕ್ಟರಿಗೆ ಹೇಳಿದ್ದೆ ಎಂಬ ಮೂರನೆಯದಕ್ಕೆ ಪೆನ್ನು ಎತ್ತಿದರು, ಹಾಳೆಗೆ ಇಳಿಸಲಿಲ್ಲ. ಕ್ಷೌರಿಕ ಅದನ್ನು ನೋಡಿದ. ಜೀವಮಾನವೆಲ್ಲ ಕನ್ನಡಿಯಲ್ಲಿ ಜನರ ಮುಖ ನೋಡಿದವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ?

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಅವಳು ಕೂತಿದ್ದಾಗ ಅವನು ಬಂದು ಪಕ್ಕದಲ್ಲಿ ಕೂತ. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದು ತೋರಿಸಿದ: “ನಿಮ್ಮ ಮೇಲೆ ಯಾರು ಇದ್ದದ್ದು? ಹೆಸರು ಬರೀರಿ.” ಅವಳು ಬರೆದಳು. ದೊಡ್ಡ ಡಾಕ್ಟರ ಪೂರ್ತಿ ಹೆಸರು, ಹುದ್ದೆ, ಕೋಣೆಯ ನಂಬರು. ಆಡಳಿತಾಧಿಕಾರಿಯದೂ ಬರೆದಳು. ಅವನು ಆ ಹಾಳೆ ಹರಿದುಕೊಂಡು ದೂರು ತೆಗೆದುಕೊಳ್ಳುವ ಕಿಟಕಿಗೆ ಹೋಗಿ ಗುಮಾಸ್ತನ ಮುಂದೆ ಹಿಡಿದ. ಗುಮಾಸ್ತ ಓದಿ, ಕಿವುಡನಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದ: “ವಿಚಾರಣೆ ಶುರುವಾದ ಮೇಲೆ ಹೆಸರು ಸೇರಿಸೋ ಹಾಗಿಲ್ಲ. ಮೊದಲೇ ಯೋಚನೆ ಮಾಡಬೇಕಿತ್ತು.” ಕ್ಷೌರಿಕ ಬಾಯಿ ತೆರೆದ. ಬೈಗುಳವೇ ಇರಬೇಕು, ತುಟಿ ಬಿರುಸಾಗಿ ಆಡಿತು. ಕತ್ತಿನ ತೂತಿನಿಂದ ಬರಿಯ ಗಾಳಿ ಬಂತು. ಗುಮಾಸ್ತ ಮುಖ ತಿರುಗಿಸಿದ.

ಗಡಿಯಾರದಕ್ಕನನ್ನು ಕೆಲಸದಿಂದ ತೆಗೆದರು. ದೊಡ್ಡ ಡಾಕ್ಟರು ಅದೇ ವರ್ಷ ಗೌರವದಿಂದ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಭಾಷಣ ಮಾಡುತ್ತ ಅರ್ಧಕ್ಕೆ ನಿಲ್ಲಿಸಿ ನೀರು ಕೇಳಿದರಂತೆ. ಕಾರಣ ಯಾರಿಗೂ ತಿಳಿಯಲಿಲ್ಲ. ಗಡಿಯಾರದಕ್ಕ ಒಂದು ಖಾಸಗಿ ಎಕ್ಸ್‌ರೇ ಅಂಗಡಿಯಲ್ಲಿ ಫಿಲಂ ತೊಳೆಯುವ ಕೆಲಸ ಹಿಡಿದಳು.

ಪಟ್ಟಿಯಲ್ಲಿ ಇನ್ನೂ ಹದಿನೇಳು ಮನೆ ಉಳಿದಿದ್ದವು. ಭಾನುವಾರ ಅವಳು ಈಗಲೂ ಹೊರಡುತ್ತಾಳೆ. ಮೊದಲಾದರೆ ಕತ್ತಿನಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಇತ್ತು. ಈಗ ಏನೂ ಇಲ್ಲ, ಯಾರೋ ಸೋಪು ಮಾರುವವಳು ಎಂದುಕೊಂಡು ಎಷ್ಟೋ ಜನ ಬಾಗಿಲು ತೆಗೆಯುವುದಿಲ್ಲ. ಮೊನ್ನೆ ಒಂದು ಮನೆಯಲ್ಲಿ ತೆಗೆದರು. ನಲವತ್ತರ ಹೆಂಗಸು. ಗಡಿಯಾರದಕ್ಕ ಯಜಮಾನರ ಹೆಸರು ಹೇಳಿ ಇದ್ದಾರೆಯೇ ಎಂದು ಕೇಳಿದಳು.

“ಅವರು ಹೋಗಿ ಒಂದೂವರೆ ತಿಂಗಳಾಯ್ತು. ಗಂಟಲಿಂದು ವಾಪಸ್ ಬಂತು. ಒಳಗೆ ಬನ್ನಿ, ಬಿಸಿಲು” ಎಂದಳು ಹೆಂಗಸು.

ಒಳಗೆ ಹೋದಳು. ಹೆಂಗಸು ಕುಡಿಯಲು ನೀರು ಕೊಟ್ಟು ಎದುರಿಗೆ ಕೂತಳು. ಗಡಿಯಾರದಕ್ಕನ ಚೀಲದಲ್ಲಿ ಆ ಮನುಷ್ಯನ ಚೀಟಿ ಇತ್ತು. ನೂರಕ್ಕೆ ಹತ್ತೊಂಬತ್ತು ಎಂದು ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದೂ ಇತ್ತು.

“ಎಲ್ಲಾ ಮಾಡಿದ್ವಿ, ಏನೂ ಬಾಕಿ ಉಳಿಸಲಿಲ್ಲ. ಅವರ ಆಯಸ್ಸೇ ಅಷ್ಟು ಅಂದ್ಕೊಂಡು ಇದೀನಿ” ಎಂದಳು ಹೆಂಗಸು. “ನೀವು ಏನು ಹೇಳಕ್ಕೆ ಬಂದಿದ್ರಿ?”

ಗಡಿಯಾರದಕ್ಕ ಲೋಟ ಕೆಳಗಿಟ್ಟಳು.

“ಏನಿಲ್ಲಮ್ಮ. ಹೇಗಿದಾರೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ.”

ಬೀದಿಗೆ ಬಂದು, ಗೋಡೆಗೆ ಪಟ್ಟಿಯನ್ನು ಒತ್ತಿ ಹಿಡಿದು ಆ ಹೆಸರಿನ ಮೇಲೆ ಗೆರೆ ಎಳೆದಳು. ಕೆಳಗಿನ ವಿಳಾಸ ಓದಿಕೊಂಡಳು. ಎರಡು ಬೀದಿ ಆಚೆಯೇ ಇತ್ತು, ನಡೆದೇ ಹೋದಳು.